ದೀಪದ ಸುತ್ತ ಬಣ್ಣದ ಬಳೆ

ಹೊಳೆಯ ಈಚೆ ದಡದಲ್ಲಿ ಆಶ್ರಮ. ಆಚೆ ದಡದಲ್ಲಿ ಪೇಟೆ. ನಡುವೆ ಮಳೆಗಾಲದ ಕೆಂಪು ನೀರು.

ಆಶ್ರಮದ ಗುರುಗಳು ವಿಮಲಬೋಧರು. ಎಂಬತ್ತು ದಾಟಿದವರು. ಅವರ ಎಡಗಣ್ಣಿಗೆ ನೋಟವಿರಲಿಲ್ಲ. "ಗುರುಗಳು ಆ ಕಣ್ಣನ್ನು ಒಳಕ್ಕೆ ತಿರುಗಿಸಿಕೊಂಡಿದ್ದಾರೆ" ಎಂದು ಭಕ್ತರು ಹೇಳುತ್ತಿದ್ದರು. ಗುರುಗಳು ಹೌದು ಅನ್ನುತ್ತಿರಲಿಲ್ಲ. ಅಲ್ಲ ಅಂತಲೂ ಅನ್ನುತ್ತಿರಲಿಲ್ಲ.

ಬಲಗಣ್ಣಿಗೆ ಮಾತ್ರ ದಿನವೂ ಪುಟ್ಟ ಸೀಸೆಯಿಂದ ಒಂದು ಹನಿ ಬಿಟ್ಟುಕೊಳ್ಳುತ್ತಿದ್ದರು. ಅದು ಗಂಗಾತೀರ್ಥ ಎಂದು ಭಕ್ತರೇ ತೀರ್ಮಾನಿಸಿದ್ದರು.

ಶಿಷ್ಯ ನರಹರಯ್ಯನಿಗೆ ಅರವತ್ತೆಂಟು. ಮೂವತ್ತೈದು ವರ್ಷ ಶಾಲೆಯಲ್ಲಿ ಮೇಷ್ಟ್ರಾಗಿದ್ದು, ಹೆಂಡತಿ ತೀರಿಕೊಂಡ ಮೇಲೆ ಆಶ್ರಮಕ್ಕೆ ಬಂದವನು. ಓದಿಕೊಂಡಿದ್ದು ಬಹಳ. ಸಂಶಯಪಡುವ ಅಭ್ಯಾಸ ಕಡಿಮೆ.

ಅದು ಚಾತುರ್ಮಾಸ್ಯದ ಕಾಲ. ಆಷಾಢದ ಹುಣ್ಣಿಮೆಯಿಂದ ಭಾದ್ರಪದದ ಹುಣ್ಣಿಮೆಯವರೆಗೆ ಗುರುಗಳು ಹೊಳೆ ದಾಟುವಂತಿಲ್ಲ. ಐವತ್ತು ವರ್ಷ ಈ ವ್ರತವನ್ನು ಅವರು ಒಮ್ಮೆಯೂ ತಪ್ಪಿಸಿರಲಿಲ್ಲ. ಈ ಸಲ ನರಹರಯ್ಯನೂ ಅವರ ಜೊತೆ ಸಂಕಲ್ಪ ಮಾಡಿದ್ದ.

ಒಂದು ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬಂದು ಗುರುಗಳ ಮುಂದೆ ಕುಳಿತ.

"ಗುರುಗಳೇ, ಒಂದು ವಿಷಯ. ಹೇಳಿದರೆ ಅಹಂಕಾರ ಅನ್ನಿಸೀತು."

"ಹೇಳದೆ ಒಳಗೇ ಇಟ್ಟುಕೊಂಡು ಉಬ್ಬಿದರೂ ಅದೇ ತಾನೆ? ಹೇಳು."

"ಇಪ್ಪತ್ತು ದಿನದಿಂದ ನನಗೆ ಜ್ಯೋತಿಯ ಸುತ್ತ ಪ್ರಭೆ ಕಾಣಿಸುತ್ತಿದೆ. ಸಂಜೆ ದೀಪ ಹಚ್ಚಿದ ಮೇಲೆ, ಸುತ್ತ ದುಂಡಗೆ, ಬಣ್ಣಬಣ್ಣದ ಬಳೆ."

"ಯಾವ ದೀಪ?"

"ದೇವರ ಮುಂದಿನ ನಂದಾದೀಪ."

"ಅದೊಂದಕ್ಕೇನೋ?"

ನರಹರಯ್ಯ ಸ್ವಲ್ಪ ತಡೆದ. "ಬಚ್ಚಲಮನೆಯ ಬಲ್ಬಿಗೂ ಇದೆ."

"ಓಹೋ. ಬಚ್ಚಲಮನೆಯ ಬಲ್ಬಿಗೂ ಸಿದ್ಧಿಯಾಯಿತು ಅನ್ನು."

"ಎಲ್ಲವೂ ಬ್ರಹ್ಮವೇ ಅಲ್ಲವೇ ಗುರುಗಳೇ?"

ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಅವನನ್ನೇ ನೋಡಿದರು.

"ಯಾರಿಗೆಲ್ಲ ಹೇಳಿದ್ದೀಯ?"

"ಇಬ್ಬರಿಗೆ ಹೇಳಿದೆ. ಅವರು ಊರಿಗೆಲ್ಲ ಹೇಳಿದರು. ನಿನ್ನೆ ಇಪ್ಪತ್ತು ಜನ ಬಂದು ಕಾಲಿಗೆ ಬಿದ್ದರು. ನಾನು ಬೇಡ ಬೇಡ ಅಂದೆ."

"ಕಾಲು ಹಿಂದಕ್ಕೆ ಎಳೆದುಕೊಂಡೆಯಾ?"

ನರಹರಯ್ಯ ಈಗ ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡ.

"ಆ ಬಳೆಯ ಹೊರ ಅಂಚು ಕೆಂಪು, ಒಳ ಅಂಚು ನೀಲಿ. ಹೌದೋ?"

ನರಹರಯ್ಯನ ಮುಖ ಅರಳಿತು. "ಹೌದು! ಹಾಗಾದರೆ ತಾವೂ ಕಂಡಿದ್ದೀರಿ!"

"ಕಂಡಿದ್ದೇನೆ."

ಗುರುವಿಗೆ ಆದದ್ದೇ ತನಗೂ ಆಗಿದೆ! ನರಹರಯ್ಯನ ಕೈ ತಾನಾಗಿ ಮುಗಿಯಿತು.

"ಬಳೆ ಕಾಣುವಾಗ ಹುಬ್ಬಿನ ಮೇಲೆ ನೋವು ಬರುತ್ತದೆಯೇ?"

"ಬರುತ್ತದೆ. ಆಜ್ಞಾಚಕ್ರ ತೆರೆಯುತ್ತಿದೆ ಅಂದುಕೊಂಡೆ."

"ಕಣ್ಣು ಮಂಜಾಗುತ್ತದೆಯೇ?"

"ಆಗುತ್ತದೆ. ಹೊರಗಿನ ಜಗತ್ತು ಕರಗುತ್ತಿದೆ ಅಂದುಕೊಂಡೆ."

"ವಾಂತಿ?"

"ನಿನ್ನೆ ಸಂಜೆ ಆಯಿತು. ದೇಹಶುದ್ಧಿ ಇರಬೇಕು."

"ಮಲಗಿ ಎದ್ದರೆ?"

"ಎಲ್ಲ ಕಡಿಮೆಯಾಗಿರುತ್ತದೆ. ಸಂಜೆ ಮತ್ತೆ ಬರುತ್ತದೆ."

ಎಲ್ಲದಕ್ಕೂ ಅವನ ಬಳಿ ಒಂದು ಶಾಸ್ತ್ರವಿತ್ತು. ಮೇಷ್ಟ್ರಲ್ಲವೇ.

"ಗುರುಗಳೇ, ಬಳೆ ಕಂಡ ಮೇಲೆ ತಮಗೆ ಮುಂದೆ ಏನು ಕಂಡಿತು?"

"ಏನೂ ಕಾಣಲಿಲ್ಲ."

"ಆಹಾ! ಶೂನ್ಯ!"

"ಶೂನ್ಯವಲ್ಲ ಕಣಯ್ಯ. ಕುರುಡು."

ಗುರುಗಳು ಬೆರಳಿನಿಂದ ತಮ್ಮ ಎಡಗಣ್ಣನ್ನು ಮುಟ್ಟಿ ತೋರಿಸಿದರು.

ನರಹರಯ್ಯನ ಮುಗಿದ ಕೈ ಹಾಗೇ ನಿಂತಿತು.

"ಮೂವತ್ತು ವರ್ಷದ ಹಿಂದೆ ನಾನೂ ನಿನ್ನ ಹಾಗೆ ನನ್ನ ಗುರುಗಳ ಮುಂದೆ ಕೂತು ಹೇಳಿದೆ. ಅವರು ಬೆನ್ನು ತಟ್ಟಿದರು. ಪಾಪ, ಅವರಿಗೂ ಗೊತ್ತಿರಲಿಲ್ಲ. ಊರವರು ಕಾಲಿಗೆ ಬಿದ್ದರು. ನನಗೆ ಹಿತವಾಯಿತು. ಒಂದು ಸಂಜೆ ಬಳೆ ಹೋಯಿತು. ಅದರ ಜೊತೆಗೆ ದೀಪವೂ ಹೋಯಿತು."

"ಇನ್ನೊಂದು ಕಣ್ಣು?"

"ಅದನ್ನು ಪೇಟೆಯ ಆಸ್ಪತ್ರೆಯವರು ಉಳಿಸಿದರು. ಈ ಸೀಸೆಯಲ್ಲಿ ಇರುವುದು ತೀರ್ಥವಲ್ಲ. ತಿಂಗಳಿಗೊಮ್ಮೆ ಅಂಬಿಗ ಮಾದಯ್ಯ ಮೆಡಿಕಲ್ ಶಾಪಿನಿಂದ ತಂದುಕೊಡುವ ಔಷಧಿ."

ನರಹರಯ್ಯನಿಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಮೊದಲು ಸಿಟ್ಟು ಬಂತು.

"ಮತ್ತೆ ಇಷ್ಟು ವರ್ಷ ತಾವು ಯಾರಿಗೂ ಯಾಕೆ ಹೇಳಲಿಲ್ಲ? ನನಗೆ ಮೊದಲೇ ಗೊತ್ತಿದ್ದರೆ ನಾನು ಇಪ್ಪತ್ತು ದಿನ ಸುಮ್ಮನೆ ಕೂರುತ್ತಿದ್ದೆನೇ?"

ಗುರುಗಳು ತಲೆ ತಗ್ಗಿಸಿದರು. ಶಿಷ್ಯನ ಮುಂದೆ ಅವರು ತಲೆ ತಗ್ಗಿಸಿದ್ದು ಅದೇ ಮೊದಲು.

"ನಾಚಿಕೆ ಕಣೋ. ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ಜ್ಞಾನಿ ಅನ್ನಿಸಿಕೊಳ್ಳುವುದು ಸುಖವಾಗಿತ್ತು."

ಹೊಳೆಯ ಸದ್ದು ಜೋರಾಗಿ ಕೇಳುತ್ತಿತ್ತು.

"ಏಳು. ಆಸ್ಪತ್ರೆಗೆ ಹೋಗು" ಎಂದರು ಗುರುಗಳು.

"ಹೊಳೆ ದಾಟಬೇಕಲ್ಲ. ಹುಣ್ಣಿಮೆಗೆ ಇನ್ನು ಹದಿನೆಂಟೇ ದಿನ. ವ್ರತ ಮುಗಿದ ಮರುದಿನವೇ ಹೋಗುತ್ತೇನೆ."

"ಈಗ ಹೋಗು."

"ತಮ್ಮ ಜೊತೆ ಮಾಡಿದ ಸಂಕಲ್ಪ. ತಾವು ಈಚೆ ದಡದಲ್ಲಿ ವ್ರತ ಹಿಡಿದು ಕೂತಿರುವಾಗ ನಾನು ಒಂದು ಕಣ್ಣಿನ ಆಸೆಗೆ ಅದನ್ನು ಮುರಿಯಲೇ? ನನ್ನಿಂದ ಆಗದು."

ಅರವತ್ತರ ಮೇಲೆ ಬಂದ ಹಟ ಮೂರು ವರ್ಷದ ಮಗುವಿನ ಹಟಕ್ಕಿಂತ ಗಟ್ಟಿ. ಗುರುಗಳು ವಾದ ಮಾಡಲಿಲ್ಲ. ಊರುಗೋಲು ತೆಗೆದುಕೊಂಡು ಎದ್ದರು. ಮೆಟ್ಟಿಲಿಳಿದು ಹೊಳೆಯ ಕಡೆಗೆ ನಡೆದರು.

ದಡದಲ್ಲಿ ಮಾದಯ್ಯ ಹರಿಗೋಲಿನ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಗುರುಗಳನ್ನು ಕಂಡು ಬೀಡಿ ಎಸೆದು ಎದ್ದ.

"ಏನ್ ಬುದ್ದಿ, ಇತ್ಲಾಗ್ ಬಂದ್ಬುಟ್ರಿ? ಹುಣ್ಣಿಮೆ ಇನ್ನೂ ಬಂದಿಲ್ವಲ್ಲ?"

"ಹುಣ್ಣಿಮೆ ಬಂದಾಗ ಬರಲಿ. ನೀನು ಹುಟ್ಟು ಹಾಕು."

ಗುರುಗಳು ಹರಿಗೋಲಿನಲ್ಲಿ ಕಾಲಿಟ್ಟು ಕುಳಿತೇಬಿಟ್ಟರು.

ಹಿಂದೆಯೇ ಓಡಿ ಬಂದ ನರಹರಯ್ಯ ಮೆಟ್ಟಿಲ ಮೇಲೆ ನಿಂತು ಕೂಗಿದ. "ಗುರುಗಳೇ! ಐವತ್ತು ವರ್ಷದ ವ್ರತ!"

"ತಳ್ಳು ಮಾದಯ್ಯ" ಎಂದರು ಗುರುಗಳು.

ಹರಿಗೋಲು ದಡ ಬಿಟ್ಟು ನಾಲ್ಕು ಮಾರು ಹೋಯಿತು.

"ನರಹರಿ, ನನ್ನ ವ್ರತ ಮುರಿಯಿತು. ಇನ್ನು ನೀನೊಬ್ಬ ಅಲ್ಲಿ ನಿಂತು ಏನನ್ನು ಕಾಯುತ್ತೀಯ? ಬಾ."

ನರಹರಯ್ಯ ಪಂಚೆ ಎತ್ತಿಕೊಂಡು ತೊಡೆಯವರೆಗೆ ನೀರಿಗಿಳಿದ. ಮಾದಯ್ಯ ಹುಟ್ಟಿನಿಂದ ಹರಿಗೋಲನ್ನು ಹಿಂದಕ್ಕೆ ತಿರುಗಿಸಿ, ಅವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡ. ಹೊಳೆ ದಾಟುವವರೆಗೂ ನರಹರಯ್ಯ ಅಳುತ್ತಿದ್ದ. ಯಾಕೆ ಅಳುತ್ತಿದ್ದೇನೆ ಎಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ.

ಪೇಟೆಯ ಕಣ್ಣಿನ ಆಸ್ಪತ್ರೆಯಲ್ಲಿದ್ದವರು ಡಾಕ್ಟರ್ ಶಹನಾಜ್. ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ತಾತ, ಗಲ್ಲ ಇಲ್ಲಿಡಿ. ಹಣೆ ಮುಂದಕ್ಕೆ ಒತ್ತಿ. ಮಿಟುಕಿಸಬೇಡಿ."

ಎರಡೂ ಕಣ್ಣು ನೋಡಿದರು. ಒತ್ತಡ ಅಳೆದರು. ಇನ್ನೊಮ್ಮೆ ಅಳೆದರು.

"ಬಲಗಣ್ಣಲ್ಲಿ ಮೂವತ್ತೆಂಟಿದೆ. ಇಪ್ಪತ್ತೊಂದರ ಒಳಗೆ ಇರಬೇಕಿತ್ತು."

"ಹಾಗೆಂದರೆ ಏನಮ್ಮ?"

"ಕಣ್ಣೊಳಗೆ ದಿನಾ ಒಂಚೂರು ನೀರು ಹುಟ್ಟುತ್ತೆ ತಾತ, ಒಂದು ಮೂಲೆಯಿಂದ ಹರಿದು ಹೋಗುತ್ತೆ. ನಿಮಗೆ ಆ ಮೂಲೆ ಇಕ್ಕಟ್ಟು. ಬೆಳಕು ಕಡಿಮೆಯಾದಾಗ ಪಾಪೆ ಅಗಲವಾಗಿ, ಮೂಲೆ ಮುಚ್ಚಿಕೊಳ್ಳುತ್ತೆ. ನೀರು ಒಳಗೇ ನಿಂತು ಕಣ್ಣಿನ ನರವನ್ನು ಒತ್ತುತ್ತೆ. ಅದಕ್ಕೇ ನೋವು, ಅದಕ್ಕೇ ವಾಂತಿ, ಆ ಬಣ್ಣದ ಬಳೇನೂ ಅದಕ್ಕೇ. ಗ್ಲಾಕೋಮಾ ಅಂತೀವಿ."

ನರಹರಯ್ಯನಿಗೆ ಕೇಳಬೇಕಾಗಿದ್ದುದು ಒಂದೇ. ಕೇಳಲು ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗುರುಗಳೇ ಕೇಳಿದರು.

"ಉಳಿಯುತ್ತದೆಯೇ ತಾಯಿ?"

"ಉಳಿಯುತ್ತೆ ಸ್ವಾಮೀಜಿ. ನರಕ್ಕೆ ಹೆಚ್ಚು ಪೆಟ್ಟು ಬಿದ್ದಿಲ್ಲ. ಹೋದ ನೋಟವನ್ನು ತರೋದಕ್ಕೆ ನಮಗೆ ಬರಲ್ಲ, ಇರೋದನ್ನ ಕಾಯೋದಕ್ಕೆ ಬರುತ್ತೆ. ಈಗ ಔಷಧಿ ಕೊಟ್ಟು ಒತ್ತಡ ಇಳಿಸ್ತೀನಿ. ಮಧ್ಯಾಹ್ನ ಲೇಸರಿನಲ್ಲಿ ನೀರು ಹೋಗೋದಕ್ಕೆ ಒಂದು ಸಣ್ಣ ದಾರಿ ಮಾಡ್ತೀನಿ. ಎರಡೂ ಕಣ್ಣಿಗೆ."

"ಹದಿನೆಂಟು ದಿನ ಬಿಟ್ಟು ಬಂದಿದ್ದರೆ?" ನರಹರಯ್ಯ ಮೆಲ್ಲಗೆ ಕೇಳಿದ.

"ಬಂದುಬಿಟ್ಟಿದ್ದೀರಲ್ಲ ತಾತ. ಅದನ್ನ ಯಾಕೆ ಕೇಳ್ತೀರ?"

ನರಹರಯ್ಯ ಉಸಿರು ಬಿಟ್ಟ. ಇಪ್ಪತ್ತು ದಿನದಲ್ಲಿ ಅಷ್ಟು ಹಗುರಾದ ಉಸಿರು ಬಿಟ್ಟಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಗುರುಗಳು ಅಳುತ್ತಿದ್ದರು. ನೋಟವಿಲ್ಲದ ಕಣ್ಣಿನಲ್ಲೂ ನೀರು ಬಂದಿತ್ತು.

ಮಧ್ಯಾಹ್ನ ಲೇಸರ್ ಆಯಿತು. ಎರಡು ಸಲ ಚುರ್ ಅಂದಿತು, ಅಷ್ಟೇ. ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡಿ ಕಳಿಸುತ್ತೇನೆ ಎಂದರು ಡಾಕ್ಟರ್.

ಆಸ್ಪತ್ರೆಯ ಜಗುಲಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಮುದುಕರು ಮುದುಕಿಯರು ಸಾಲಾಗಿ ಕೂತಿದ್ದರು. ನರ್ಸ್ ಒಬ್ಬೊಬ್ಬರದೇ ಕಟ್ಟು ಬಿಚ್ಚುತ್ತಿದ್ದಳು. ಒಬ್ಬ ಮುದುಕ ಎಲ್ಲರಿಗಿಂತ ಮೊದಲು ತನ್ನ ಕೈ ನೋಡಿಕೊಂಡ.

"ಅಯ್ಯಯ್ಯೋ, ಉಗುರು ಇಷ್ಟುದ್ದ ಬೆಳ್ಕೊಂಡೈತಲ್ಲ! ಯಾರೂ ಹೇಳ್ಲೇ ಇಲ್ವಲ್ರೋ!"

ಜಗುಲಿಯಲ್ಲಿದ್ದವರೆಲ್ಲ ನಕ್ಕರು. ಗುರುಗಳೂ ನಕ್ಕರು. ನರಹರಯ್ಯ ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳಲು ಹೋದಾಗ ನರ್ಸ್ ಗದರಿದಳು.

ಸಂಜೆ ಟ್ಯೂಬ್‌ಲೈಟ್ ಹತ್ತಿತು. ನರಹರಯ್ಯ ಬಹಳ ಹೊತ್ತು ಅದನ್ನು ನೋಡಿದ.

"ಬಳೆ ಇಲ್ಲ ಗುರುಗಳೇ."

"ಬೇಜಾರೋ?"

"ನಿಜ ಹೇಳಲೇ? ಸ್ವಲ್ಪ."

"ನನಗೂ ಆಗಿತ್ತು. ಮಲಗು."

ಅವನು ಮಲಗಿದ. ಹುಬ್ಬಿನ ಮೇಲೆ ನೋವಿರಲಿಲ್ಲ. ಆಸ್ಪತ್ರೆಯ ಚಾಪೆಯ ಮೇಲೆ ಮಗುವಿನ ಹಾಗೆ ನಿದ್ದೆ ಹೋದ.

ಮರುದಿನ ಬೆಳಿಗ್ಗೆ ಒತ್ತಡ ಹದಿನೇಳಕ್ಕೆ ಇಳಿದಿತ್ತು. ಹತ್ತು ಗಂಟೆಯ ಹೊತ್ತಿಗೆ ಹರಿಗೋಲು ಈಚೆ ದಡಕ್ಕೆ ಬಂತು.

ಮೆಟ್ಟಿಲ ಮೇಲೆ ಜನ ಸೇರಿದ್ದರು. ಗುರುಗಳು ಹೊಳೆ ದಾಟಿದ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಯಾರೂ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಕೇಳದೆ ನೋಡುತ್ತ ನಿಂತಿದ್ದರು.

ಗುರುಗಳು ಕೆಳಗಿನ ಮೆಟ್ಟಿಲಲ್ಲೇ ನಿಂತು ಮಾತಾಡಿದರು.

"ವ್ರತ ಮುರಿದದ್ದು ನಾನೇ. ಇನ್ನೊಂದು ಮಾತು. ನನ್ನ ಎಡಗಣ್ಣು ಒಳಕ್ಕೆ ತಿರುಗಿಲ್ಲ. ಕುರುಡಾಗಿದೆ. ರೋಗವನ್ನು ದೇವರು ಅಂದುಕೊಂಡು ಕೂತಿದ್ದಕ್ಕೆ ಕುರುಡಾಗಿದೆ. ನರಹರಿಗೆ ಬಂದಿದ್ದೂ ಅದೇ ರೋಗ. ಅವನದು ವಾಸಿಯಾಯಿತು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನೆ ಮೊನ್ನೆ ಕಾಲಿಗೆ ಬಿದ್ದವರಲ್ಲಿ ಕೆಲವರು ಸಪ್ಪಗೆ ಮನೆ ಕಡೆ ಹೊರಟರು. ನರಹರಯ್ಯನಿಗೆ ಅದನ್ನು ನೋಡಿ ನಾಚಿಕೆಯೂ ಆಯಿತು, ಬಿಡುಗಡೆಯೂ ಆಯಿತು.

ಸಣ್ಣತಾಯಮ್ಮ ಮಾತ್ರ ಹೋಗಲಿಲ್ಲ. ದಿನಾ ಪೂಜೆಗೆ ಹೂವು ಕಟ್ಟಿ ತರುವ ಮುದುಕಿ. ಎಪ್ಪತ್ತರ ಮೇಲೆ ಎಷ್ಟೋ. ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿದು ನರಹರಯ್ಯನ ಹತ್ತಿರ ಬಂದಳು.

"ಮೇಷ್ಟ್ರೇ, ನೀವು ದೊಡ್ಡೋರು. ನಿಮ್ಗೆ ರೋಗ ಬಂದ್ರೂ ಬಣ್ಣ ಕಾಣ್ತದೆ. ನಂಗೆ ಎರಡು ವರ್ಸದಿಂದ ಬರೀ ಹೊಗೆ."

"ಹೊಗೆಯೇ?"

"ಹೂಂ. ಸೊಳ್ಳೆಪರದೆ ಒಳಗಿಂದ ನೋಡ್ದಂಗೆ. ಹೂವ ಕೈ ಅಳತೆ ಮೇಲೆ ಕಟ್ತೀನಿ. ಮೊಮ್ಮಗಳ ಮುಕ ಹೆಂಗೈತೋ ಮರ್ತೇ ಹೋಗದೆ."

"ಯಾರಿಗೂ ಯಾಕಮ್ಮ ಹೇಳಲಿಲ್ಲ?"

"ಏನಂತ ಹೇಳ್ಲಪ್ಪಾ? ಯಾವ ಜನ್ಮದ ಪಾಪವೋ, ದೇವ್ರು ಮುಕ ಮರೆ ಮಾಡ್ಕೊಂಡ ಅಂತ ಸುಮ್ಕಿದ್ದೆ. ಪಾಪದೋಳು ಕಟ್ಟಿದ ಹೂವು ಬ್ಯಾಡ ಅಂದ್ಬುಟ್ರೆ? ಈಗ ಗುರುಗಳೇ ಬಾಯ್ಬಿಟ್ಟು ಹೇಳಿದ್ರಲ್ಲ, ಅದ್ಕೆ ನಂಗೂ ದೈರ್ಯ ಬಂತು. ಇದಕ್ಕೆ ಏನಾದ್ರೂ ಪ್ರಾಯಶ್ಚಿತ್ತ ಐತಾ ಮೇಷ್ಟ್ರೇ?"

ನರಹರಯ್ಯ ಬಾಯಿ ತೆರೆದ. ಎಲ್ಲದಕ್ಕೂ ಶಾಸ್ತ್ರ ಹೇಳುವ ಬಾಯಿ. ಅದನ್ನು ಹಾಗೇ ಮುಚ್ಚಿಕೊಂಡ. ಅವಳ ಕಣ್ಣನ್ನು ಹತ್ತಿರದಿಂದ ನೋಡಿದ. ಪಾಪೆಯ ಮೇಲೆ ಬಿಳಿ ಪೊರೆ ಬೆಳೆದದ್ದು ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಅವನು ಗುರುಗಳ ಕಡೆ ತಿರುಗಿದ. "ಗುರುಗಳೇ, ಹುಣ್ಣಿಮೆಗೆ ಇನ್ನು ಹದಿನೇಳು ದಿನ ಇದೆ. ಇವಳಿಗೆ ಏನು ಹೇಳಲಿ?"

ಮಾದಯ್ಯ ಹಗ್ಗ ಹಿಡಿದು ಹರಿಗೋಲನ್ನು ಗೂಟಕ್ಕೆ ಬಿಗಿಯುತ್ತಿದ್ದ.

"ಮಾದಯ್ಯ, ಕಟ್ಟಬೇಡ" ಎಂದರು ಗುರುಗಳು. "ನರಹರಿ, ಏನೂ ಹೇಳಬೇಡ. ಕೈ ಹಿಡಿದು ಹತ್ತಿಸು."