ಪುಟ್ಟತಾಯಿಯ ಬೇಲಿ ದಾಟಿ ಬಂದ ಹುಳ

ಕೇಳಿ ಇಲ್ಲಿ. ಚೌಡಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮರಿಸಿದ್ದ ಅಂತ ಒಬ್ಬನೇ ಮಗ. ಮೈ ಎತ್ತಿನಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲೆಳೆ ಆಚೀಚೆ ಇಲ್ಲ. ಅದೇ ಅವಳ ಕರ್ಮ.

ಪಕ್ಕದ ಮನೆ ಪುಟ್ಟತಾಯಿಯ ಹಿತ್ತಲು ನೋಡಿದರೆ ಚೌಡಮ್ಮನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಚಪ್ಪರದ ತುಂಬ ಹೀರೆ, ಸಾಲಿನ ತುಂಬ ಬದನೆ, ಬುಡದಲ್ಲಿ ಹೊನಗೊನ್ನೆ ಸೊಪ್ಪು ಹಬ್ಬಿ ಚೂರು ಮಣ್ಣೂ ಕಾಣದು. ಚೌಡಮ್ಮನೂ ಅಷ್ಟೇ ಗಿಡ ನೆಟ್ಟಿದ್ದಳು. ಬುಡದ ಮಣ್ಣು ಮಾತ್ರ ಕಾದ ಹೆಂಚು. ಗುರುವಾರ ಮಹಿಳಾ ಸಂಘದವರು ಬಂದು, ಒಳ್ಳೆ ಹಿತ್ತಲಿನವಳಿಗೆ ಸೀರೆ ಕೊಡುವವರಿದ್ದರು.

"ನನಗೆ ಸಿಗದಿದ್ರೂ ಹಾಳಾಗ್ಲಿ, ಆ ಸೀರೆ ಅವಳ ಮೈಮೇಲೆ ನಾನು ನೋಡಬಾರದು! ಲೋ ಮರಿಸಿದ್ದ, ಬಿಸಿಲು ತಾಗದ ಹಾಗೆ ಗಿಡದ ಬುಡ ಮುಚ್ಚೋ!"

"ಆಯ್ತವ್ವ."

ಮುಚ್ಚಿದ. ಕಂಬಳಿ ಹಾಸಿದ, ದುಪ್ಪಟಿ ಹಾಸಿದ, ಅವ್ವನ ಧಾರೆ ಸೀರೆಯನ್ನೂ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟ.

ಪುಟ್ಟತಾಯಿ ಬೇಲಿಯಾಚೆಯಿಂದ ಕೇಳಿದಳು: "ಏನಕ್ಕಾ, ಬದನೆಗಿಡಕ್ಕೆ ಚಳಿಜ್ವರವಾ?"

ಚೌಡಮ್ಮ ಮಗನ ಮೇಲೆ ಹರಿಹಾಯ್ದಳು: "ಅಯ್ಯೋ ಮುಠ್ಠಾಳ! ಬಟ್ಟೆ ಹಾಸ್ತಾರೇನೋ? ಒಣಗಿದ ಎಲೆ ಹಾಸಬೇಕು!"

"ಇನ್ಮೇಲೆ ಹಂಗೇ ಮಾಡ್ತೀನವ್ವ."

ಮಾಡಿದ. ಯಾರದೋ ಮನೆಯ ನಾಮಕರಣಕ್ಕೆಂದು ಅವ್ವ ಕಡ್ಡಿ ಚುಚ್ಚಿ ಹಚ್ಚಿಟ್ಟಿದ್ದ ಇನ್ನೂರು ಮುತ್ತುಗದ ಊಟದೆಲೆ! ಪಂಕ್ತಿಗೆ ಹಾಕಿದ ಹಾಗೆ ಸಾಲಾಗಿ ಹಾಸಿ, ಹಾರದಿರಲೆಂದು ನೀರೂ ಚಿಮುಕಿಸಿದ.

"ಗಿಡಗಳಿಗೆ ಊಟಕ್ಕೆ ಎಲೆ ಹಾಕಿದ್ದೀಯಾ ಅಕ್ಕಾ? ಪಾಯಸ ಯಾವಾಗ?" ಅಂದಳು ಪುಟ್ಟತಾಯಿ.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹಾಸಿದ್ದು ಹಾಸಿಯಾಯ್ತು, ಬಿಡು. ಇನ್ನು ಹುಳ ನೋಡ್ಕೋ. ಗಿಡದ ಹತ್ತಿರ ಏನು ಬಂದು ಕೂತರೂ ಒಲೆ ಬೂದಿ ಎರಚು!"

"ಆಯ್ತವ್ವ."

ಮಾರನೇ ದಿನ ಚೌಡಮ್ಮನ ಅಣ್ಣ ನಂಜೇಗೌಡ ಬಂದ. ಸಾಲೆಲೆ ನೋಡಿದ, ಏನೋ ಔತಣವಿದೆ ಅಂದುಕೊಂಡ, ಕೈ ತೊಳೆದು ಒಂದು ಎಲೆ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಕೂತದ್ದೇ ತಡ, ಮರಿಸಿದ್ದ ಮೂರು ಮೊರ ಬೂದಿ ಎರಚಿದ! ಗಿಡವೆಲ್ಲ ಬೂದಿ, ಮಾವನ ಮೈಯೆಲ್ಲ ಬೂದಿ. ಬೇಲಿಯಾಚೆ ಕಿಸಿಕಿಸಿ ನಗು.

"ಮನುಷ್ಯರಿಗೆ ಎರಚ್ತಾರೇನೋ ಪಾಪಿ? ಹುಳಕ್ಕೆ ಎರಚೋ! ಬೂದಿಗೆ ಹೋಗದಿದ್ರೆ ಬೇವು ಅರೆದು ಹಾಕಿದ ಗಂಜಲ ಹುಯ್ಯಿ!"

"ಹುಳ ಯಾವುದು ಅಂತ ಹೆಂಗೆ ಗೊತ್ತಾಗ್ಬೇಕವ್ವ?"

"ಆ ಪುಟ್ಟತಾಯಿ ಹಿತ್ತಲಿಂದ ಬೇಲಿ ದಾಟಿ ಬಂದದ್ದೆಲ್ಲ ಹುಳಾನೇ! ಮುಖ ನೋಡದೆ ಹುಯ್ಯಿ!"

ಗುರುವಾರ ಬಂತು, ಸಂಘದವರೂ ಬಂದರು. ಮೊದಲು ಚೌಡಮ್ಮನ ಹಿತ್ತಲು ನೋಡಿದರು. ಊಟದೆಲೆ ಎತ್ತಿದರೆ ಕೆಳಗೆ ತಣ್ಣನೆ ಹಸಿ ಮಣ್ಣು. ಬೂದಿಯ ದೆಸೆಯಿಂದ ಗಿಡದಲ್ಲಿ ಒಂದು ಹೇನುಹುಳವೂ ಇಲ್ಲ. ಆಮೇಲೆ ಪುಟ್ಟತಾಯಿಯ ಹಿತ್ತಲಿಗೆ ಹೋದರು. ಚೌಡಮ್ಮ ಮನೆಯಲ್ಲಿ ನಿಲ್ಲುತ್ತಾಳೆಯೇ? ಹಿಂದೆಯೇ ಓಡಿದಳು. ಅಲ್ಲಿ ಸೊಪ್ಪು ಚೆನ್ನ, ಹೀರೆ ಚೆನ್ನ, ಬದನೆಯೆಲೆ ಮಗುಚಿದರೆ ಮಾತ್ರ ಮುತ್ತಿದ ಹೇನು! ಅಧ್ಯಕ್ಷೆ ಅಲ್ಲೇ, ಪುಟ್ಟತಾಯಿಯ ಕಣ್ಣೆದುರೇ, ಸೀರೆಯನ್ನು ಚೌಡಮ್ಮನ ಕೈಗೆ ಕೊಟ್ಟರು.

ಪುಟ್ಟತಾಯಿಯ ಮುಖ ಸುಟ್ಟ ಬದನೆಕಾಯಿ ಆಯಿತು. ಅವಳು ಕಣ್ತುಂಬ ನೋಡಿಕೊಳ್ಳಲಿ ಅಂತ ಚೌಡಮ್ಮ ಸೀರೆಯನ್ನು ಹೆಗಲಿಗೆ ಹೊದ್ದು, ನಿಧಾನವಾಗಿ ಬೇಲಿಯ ಕಂಡಿಯಲ್ಲಿ ನುಸುಳಿ ತನ್ನ ಹಿತ್ತಲಿಗೆ ಕಾಲಿಟ್ಟಳು.

ಧೋ ಅಂತ ಒಂದು ಕೊಡ ಗಂಜಲ ಅವಳ ನೆತ್ತಿಯಿಂದ ಇಳಿಯಿತು!

"ಮುಖ ನೋಡಲೇ ಇಲ್ಲ ಕಣವ್ವ!" ಅಂದ ಮರಿಸಿದ್ದ.

ಪುಟ್ಟತಾಯಿ ಹೊಟ್ಟೆ ಹಿಡಿದುಕೊಂಡು ಗಹಗಹಿಸಿ ನಕ್ಕಳು. ಮರಿಸಿದ್ದ ಕಿವಿ ನಿಮಿರಿಸಿದ.

"ಅವ್ವ, ಅವಳ ನಗು ಬೇಲಿ ದಾಟಿ ಬಂತು!"

ಅಂದವನೇ ಎರಡನೇ ಕೊಡವನ್ನೆತ್ತಿ, ಬೇಲಿಯಾಚೆ ನಗು ಬಂದ ಕಡೆಗೆ ಪೂರ್ತಿ ಎರಚಿದ.

ಅವತ್ತೊಂದು ದಿನ ಚೌಡಮ್ಮ ಮಗನನ್ನು ಬೈಯಲಿಲ್ಲ.