ಪಕ್ಕದ ಕುಣಿ

"ಗುರುಗಳೇ, ನನ್ನ ಸೊಂಟ ನೋವು ಯಾರಿಂದ ಬಂದದ್ದು?" ಎಂದು ಶಿಷ್ಯ ಕೇಳಿದ.

"ಏತರಿಂದ ಎಂದು ಕೇಳಬೇಕು. ಯಾರಿಂದ ಎಂದು ಏಕೆ ಕೇಳುತ್ತೀ?" ಎಂದರು ಗುರುಗಳು.

"ಯಾರೆಂದು ನನಗೆ ಗೊತ್ತು. ನನ್ನ ಕೋಣೆಯಲ್ಲೇ ಮಲಗುವ ಅಡವಯ್ಯ. ನಾನು ನಿದ್ದೆ ಹೋದ ಮೇಲೆ ಚಾಪೆಯ ಕೆಳಗೆ ಕಲ್ಲು ಇಡುತ್ತಾನೆ."

"ಕಲ್ಲು ನೋಡಿದೆಯಾ?"

"ನಾನು ನೋಡುವಷ್ಟರಲ್ಲಿ ತೆಗೆದಿರುತ್ತಾನೆ. ನೀರು ಸೇದುವಾಗ ದೊಡ್ಡ ಕೊಡವನ್ನು ನನಗೇ ಬಿಡುತ್ತಾನೆ. ಧ್ಯಾನಕ್ಕೆ ಕೂರಲಾಗುತ್ತಿಲ್ಲ. ಹೀಗೇ ಆದರೆ ನಾನು ಮಠ ಬಿಟ್ಟು ಹೋಗಬೇಕಾಗುತ್ತದೆ. ಅದೇ ಅವನಿಗೆ ಬೇಕಾಗಿರುವುದು. ಅವನನ್ನು ಕಳಿಸಿಬಿಡಿ. ಬೆಳಗಿನಿಂದ ಕಣ್ಣಿಗೆ ಬಿದ್ದಿಲ್ಲ. ಎಲ್ಲೋ ಮರೆಯಲ್ಲಿ ನಿಂತು ಇದನ್ನೂ ಕೇಳುತ್ತಿರಬೇಕು."

ಶಿಷ್ಯ ಬಾಗಿಲ ಕಡೆ ಅರ್ಧ ತಿರುಗಿ ಕೂತಿದ್ದ. ಗುರುಗಳು ಅದನ್ನು ಗಮನಿಸಿದರು. ಆಮೇಲೆ ಒಂದು ಕಥೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ಎರಡು ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಅಂಚಿನಲ್ಲಿ ಕೂತು ನೇಯುವ ಮಗ್ಗಗಳು. ಒಂದರಲ್ಲಿ ಅವನು ಕೂರುತ್ತಿದ್ದ. ಅವನ ಬಲಗಡೆಯ ಇನ್ನೊಂದರಲ್ಲಿ ಅವನ ತಂಗಿಯ ಗಂಡ ಕೂರುತ್ತಿದ್ದ. ತಂಗಿ ದೂರ ಹೋಗುವುದು ಬೇಡವೆಂದು ಅವಳ ಗಂಡನನ್ನು ಮನೆಗೆ ಕರೆತಂದವನು ನೇಕಾರನೇ.

ನೇಕಾರನ ಸೀರೆಯ ಅಂಚಿನಲ್ಲಿ ತೆನೆಯ ಚಿತ್ತಾರವಿರುತ್ತಿತ್ತು. ಅದು ತಂದೆಯಿಂದ ಬಂದದ್ದು. ಸುತ್ತಿನ ಊರುಗಳಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಒಂದು ದಿನ ತಂಗಿಯ ಗಂಡ ಕೆಲಸ ನಿಲ್ಲಿಸಿ ಆ ಅಂಚನ್ನೇ ನೋಡುತ್ತಿದ್ದ. ನೇಕಾರ ತಲೆ ಎತ್ತಿದಾಗ ಅವನು ನಕ್ಕ. ಏಕೆ ನಕ್ಕ ಎಂಬುದು ನೇಕಾರನಿಗೆ ತಿಳಿಯಲಿಲ್ಲ.

ಅಂದಿನಿಂದ ನೇಕಾರ ಬಲಕ್ಕೆ ತುಸು ತಿರುಗಿ ಕೂರತೊಡಗಿದ. ಕೈ ಲಾಳಿ ಎಸೆಯುತ್ತಿತ್ತು. ಕಣ್ಣು ಪಕ್ಕದ ಕುಣಿಯ ಮೇಲಿರುತ್ತಿತ್ತು.

ಕೆಲವು ತಿಂಗಳಲ್ಲಿ ಸೊಂಟ ಹಿಡಿಯಿತು. ಕುಣಿಯಿಂದ ಏಳಲು ಎರಡೂ ಕೈ ನೆಲಕ್ಕೆ ಊರಬೇಕಾಯಿತು. ಕೂರಲಾಗದ ನೇಕಾರನಿಗೆ ಬೇರೆ ಕಸುಬಿಲ್ಲ. ಅವನಿಗೆ ಭಯವಾಯಿತು. ಹರಳೆಣ್ಣೆ ತಿಕ್ಕಿಸಿಕೊಂಡ. ಉಪ್ಪಿನ ಶಾಖ ಕೊಟ್ಟುಕೊಂಡ. ನೀರು ಹೊರುವುದನ್ನು ಬಿಟ್ಟ. ಮಲಗುವ ಜಾಗ ಬದಲಿಸಿದ. ರಾತ್ರಿ ಸ್ವಲ್ಪ ಹಗುರಾದ ನೋವು ಹಗಲು ಮಗ್ಗದಲ್ಲಿ ಮತ್ತೆ ಬರುತ್ತಿತ್ತು.

ಒಂದು ದಿನ ತಾನು ಕೂರುವ ಮೆತ್ತೆಯನ್ನು ಎತ್ತಿ ನೋಡಿದ. ಅದು ಹುಲ್ಲು ತುಂಬಿದ ಮೆತ್ತೆ. ಬಲಗಡೆ ಚಪ್ಪಟೆಯಾಗಿತ್ತು. ಎಡಗಡೆ ಉಬ್ಬಿತ್ತು. ಅದನ್ನು ತಂಗಿಯ ಗಂಡನ ಮುಂದೆ ಎಸೆದ.

"ನೀನು ಒಂದು ಕಡೆಯ ಹುಲ್ಲು ಕಿತ್ತಿದ್ದೀಯ."

"ಹುಲ್ಲು ಕೀಳೋಕೆ ನಾನೇನು ಎತ್ತಾ, ಭಾವ?" ಎಂದು ಅವನು ನಕ್ಕ. "ಬೇಕಾದರೆ ನನ್ನದು ತಗೋ. ನಿನ್ನದು ನಾನು ಇಟ್ಟುಕೊಳ್ತೀನಿ."

ಅದಲು ಬದಲಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನೇಕಾರ ಎರಡನ್ನೂ ಎತ್ತಿ ನೋಡಿದ. ಹೊಸದಾಗಿ ಬಂದ ಮೆತ್ತೆಯೂ ಬಲಗಡೆ ಚಪ್ಪಟೆಯಾಗಿತ್ತು. ತಾನು ಕೊಟ್ಟ ಹಳೆಯದು ಎರಡೂ ಕಡೆ ಸಮವಾಗಿತ್ತು. ನೇಕಾರನಿಗೆ ಎಲ್ಲವೂ ಅರ್ಥವಾದಂತಾಯಿತು. ಇವನು ನನ್ನದರ ಹುಲ್ಲು ತೆಗೆದು ತನ್ನದಕ್ಕೆ ತುಂಬಿಕೊಂಡಿದ್ದಾನೆ ಎಂದುಕೊಂಡ. ಹುಲ್ಲು ತೆಗೆಯುವವನು ಕುಣಿಯಲ್ಲಿ ಏನನ್ನಾದರೂ ಹೂತಿಡದೆ ಬಿಟ್ಟಾನೆಯೇ ಎಂದೂ ಅನ್ನಿಸಿತು.

ಹಾರೆ ತಂದು ತನ್ನ ಕುಣಿಯನ್ನು ಅಗೆದ. ನೋಯುವ ಸೊಂಟದಲ್ಲೇ ಅಗೆದ.

"ಮಾಟ ಮಾಡಿಸಿಕೊಳ್ಳೋಕೆ ನೀನೇನು ಅರಮನೆ ದೊರೆಯಾ? ಸುಮ್ಮನೆ ಮೇಲೆ ಬಾ" ಎಂದಳು ಹೆಂಡತಿ.

ಆಗಲೇ ಮಣ್ಣಿನಲ್ಲಿ ಒಂದು ಹಸಿರು ಬಳೆಯ ಚೂರು ಸಿಕ್ಕಿತು. ನೇಕಾರ ಅದನ್ನು ಎಲ್ಲರಿಗೂ ಎತ್ತಿ ತೋರಿಸಿದ.

ತಂಗಿ ಹತ್ತಿರ ಬಂದು ನೋಡಿದಳು. "ಅದು ನನ್ನ ಬಳೆ, ಅಣ್ಣ. ಚಿಕ್ಕವಳಿದ್ದಾಗ ಈ ಕುಣಿಯಲ್ಲಿ ಬಿದ್ದೆನಲ್ಲ, ಆಗ ಒಡೆದದ್ದು. ಅಂದು ನನ್ನನ್ನು ಎತ್ತಿ ಹೊರಗೆ ತಂದವನು ನೀನೇ."

ನೇಕಾರ ಅವಳ ಮುಖ ನೋಡಿದ. "ಗಂಡ ಹೇಳಿಕೊಟ್ಟದ್ದನ್ನು ಚೆನ್ನಾಗಿ ಒಪ್ಪಿಸುತ್ತೀಯ" ಎಂದ.

ಮರುದಿನ ತಂಗಿಯೂ ಅವಳ ಗಂಡನೂ ತಮ್ಮ ಮಗ್ಗ ಬಿಚ್ಚಿ ಗಾಡಿಗೆ ಹೇರಿದರು. ಊರು ಬಿಟ್ಟರು. ಹೋಗುವಾಗ ಅವನು ಎರಡೂ ಮೆತ್ತೆಗಳನ್ನು ಬಿಟ್ಟು ಹೋದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

"ಅವನು ಹೋದ ಮೇಲೆ ನೋವೂ ಹೋಗಿರಬೇಕು" ಎಂದ ಶಿಷ್ಯ.

"ಇಲ್ಲ. ಹೆಚ್ಚಾಯಿತು. ನೇಕಾರ ಖಾಲಿ ಕುಣಿಯ ಕಡೆಗೇ ತಿರುಗಿ ಕೂರುತ್ತಿದ್ದ. ಅಲ್ಲಿ ಏನಿದೆ ಅಂತ ನೋಡುತ್ತೀ ಎಂದು ಹೆಂಡತಿ ಕೇಳಿದಳು. ಅವನು ಮತ್ತೆ ಬಂದರೆ ಗೊತ್ತಾಗಬೇಕಲ್ಲ ಎಂದ. ಕೊನೆಗೆ ಒಂದು ದಿನ ಕುಣಿಯಿಂದ ಏಳಲಾಗಲಿಲ್ಲ. ನೆರೆಯವರು ಎತ್ತಿ ಮೇಲೆ ತಂದರು. ಮಗ್ಗದ ಮೇಲಿದ್ದ ಸೀರೆ ಅರ್ಧಕ್ಕೇ ಉಳಿಯಿತು. ಆ ತೆನೆಯ ಅಂಚನ್ನು ಈಗ ಯಾರೂ ನೇಯುವುದಿಲ್ಲ."



"ನೇಕಾರನದು ತಪ್ಪು, ಒಪ್ಪಿದೆ. ಅವನ ತಂಗಿಯ ಗಂಡ ಒಳ್ಳೆಯವನಿದ್ದ. ಅಡವಯ್ಯ ಅಂಥವನಲ್ಲ, ಗುರುಗಳೇ" ಎಂದ ಶಿಷ್ಯ. ದನಿ ತಗ್ಗಿಸಿ ಹೇಳಿದ. ಹೇಳುತ್ತಲೇ ಸೊಂಟ ಹಿಡಿದುಕೊಂಡು ಮತ್ತೊಮ್ಮೆ ಬಾಗಿಲ ಕಡೆ ನೋಡಿದ.

"ಅಡವಯ್ಯನನ್ನು ನಸುಕಿನಲ್ಲೇ ಅವನ ಊರಿಗೆ ಕಳಿಸಿಯಾಯಿತು, ಇನ್ನಾದರೂ ಇತ್ತ ತಿರುಗಿ ಕೂತುಕೋ" ಎಂದರು ಗುರುಗಳು.