ಚುಕ್ಕಿಮೀನು ಗಾಳಿಗೆ ಮುಖ ಕೊಟ್ಟದ್ದು

ಲೋಕ ಹೊಸದಾಗಿದ್ದಾಗ ಬೆಟ್ಟಗಳಿಗೆ ಒಂದೇ ಕಡೆ ಕೂರುವ ಅಭ್ಯಾಸ ಇನ್ನೂ ಆಗಿರಲಿಲ್ಲ. ಬೇಸರವಾದರೆ ಎದ್ದು ನಾಲ್ಕು ಹೆಜ್ಜೆ ನಡೆಯುತ್ತಿದ್ದವು. ಕಾಲು ನೋಯತೊಡಗಿದರೆ ಸಿಕ್ಕ ಜಾಗದಲ್ಲಿ ಕೂತುಬಿಡುತ್ತಿದ್ದವು. ಕೂರುವ ಮೊದಲು ಕೆಳಗೆ ಏನಿದೆ ಎಂದು ನೋಡಬೇಕು. ಆ ಶಿಸ್ತನ್ನು ಅವುಗಳಿಗೆ ಯಾರೂ ಕಲಿಸಿರಲಿಲ್ಲ.

ಆ ಕಾಲದಲ್ಲಿ ಎತ್ತರದ ಹುಲ್ಲುಗಾವಲಿನಿಂದ ಒಂದು ತೊರೆ ಇಳಿದುಬರುತ್ತಿತ್ತು. ಅದರ ನೀರು ಎಷ್ಟು ತಣ್ಣಗಿತ್ತೆಂದರೆ, ಜಿಂಕೆಗಳು ಒಂದು ಗುಟುಕು ಕುಡಿದು, ತಲೆ ಎತ್ತಿ, ಸುಧಾರಿಸಿಕೊಂಡು ಇನ್ನೊಂದು ಗುಟುಕು ಕುಡಿಯುತ್ತಿದ್ದವು. ಮೈತುಂಬ ಕಪ್ಪು, ಕೆಂಪು ಚುಕ್ಕಿಗಳಿರುವ ಮೀನುಗಳ ಒಂದು ಮನೆತನ ಆ ತೊರೆಯಲ್ಲಿತ್ತು. ಈಗ ಗಾಳ ಹಾಕುವವರು ಆ ಮೀನನ್ನು ಟ್ರೌಟ್ ಎನ್ನುತ್ತಾರೆ. ಆಗ ಅದಕ್ಕೆ ಆ ಹೆಸರಿರಲಿಲ್ಲ. ಈ ಕತೆಯ ಮೀನಿನ ಹೆಸರು ಚುಕ್ಕಿ.

ಆ ಮನೆತನಕ್ಕೆ ಒಂದು ನಿಯಮವಿತ್ತು. ನಿಂತರೆ ನೀರು ಬರುವ ದಿಕ್ಕಿಗೇ ಮುಖ ಮಾಡಿ ನಿಲ್ಲಬೇಕು.

"ಬರುವವರಿಗೆ ಬೆನ್ನು ತೋರಿಸಬಾರದು," ಎಂದು ಚುಕ್ಕಿಯ ತಾಯಿ ಹೇಳಿಕೊಟ್ಟಿದ್ದಳು. "ಊಟ ಬರುವುದು ಮೇಲಿನಿಂದ. ಸುದ್ದಿ ಬರುವುದು ಮೇಲಿನಿಂದ. ನಾಳೆ ನೀನು ಮೊಟ್ಟೆ ಇಡಬೇಕಾದದ್ದೂ ಮೇಲೆಯೇ, ಹರಿಯುವ ನೀರಿನಲ್ಲಿ, ಸಣ್ಣ ಕಲ್ಲುಗಳ ನಡುವೆ. ನಿಂತ ನೀರಿನಲ್ಲಿ ಇಟ್ಟರೆ ಕೆಸರು ಮುಚ್ಚಿ, ಮೊಟ್ಟೆ ಉಸಿರು ಕಟ್ಟಿ ಸಾಯುತ್ತದೆ. ತಿಳಿಯಿತೇ?"

"ತಿಳಿಯಿತಮ್ಮ."

"ಬಾಯಲ್ಲಿ ತಿಳಿದರೆ ಸಾಲದು. ನೆಟ್ಟಗೆ ನಿಲ್ಲು."

ಚುಕ್ಕಿ ನೆಟ್ಟಗೆ ನಿಂತಳು.

ಒಂದು ದಿನ ಅವಳು ಹುಳು ಹಿಡಿಯಲು ತೊರೆಯ ಕೆಳಗಿನ ತಿರುವಿಗೆ ಹೋಗಿದ್ದಳು. ಆಗಲೇ ಒಂದು ದೊಡ್ಡ ಬೆಟ್ಟ ನಡೆದು ದಣಿದು ಬಂತು. ಕೆಳಗೆ ನೋಡದೆ, ತೊರೆಗೆ ಅಡ್ಡವಾಗಿ ಕೂತುಬಿಟ್ಟಿತು. ಕೂತದ್ದು ಇಂದಿಗೂ ಎದ್ದಿಲ್ಲ.

ನೀರಿಗೆ ಮುಂದೆ ದಾರಿಯಿಲ್ಲ. ಅದು ಏರಿತು, ಹರಡಿತು, ಹುಲ್ಲನ್ನು ಮುಳುಗಿಸಿತು, ಬಂಡೆಗಳನ್ನು ಮುಳುಗಿಸಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ಒಂದು ಸರೋವರವಾಯಿತು.

ಚುಕ್ಕಿ ಸರೋವರದ ನಡುವೆ ನಿಂತು, ತಾಯಿ ಹೇಳಿದಂತೆ ಮುಖ ತಿರುಗಿಸಲು ನೋಡಿದಳು. ಯಾವ ಕಡೆಗೆ ತಿರುಗಿಸಬೇಕು? ಎಲ್ಲ ಕಡೆಯೂ ನೀರಿತ್ತು. ಯಾವ ಕಡೆಯಿಂದಲೂ ಬರುತ್ತಿರಲಿಲ್ಲ.

ತೊರೆ ಎಲ್ಲೋ ಬಂದು ಬೀಳುತ್ತಿರಲೇಬೇಕು ಎಂದುಕೊಂಡು ಅವಳು ದಡದ ಉದ್ದಕ್ಕೂ ಹುಡುಕಿದಳು. ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಮಳೆ ನಿಂತು ಬಹಳ ದಿನವಾಗಿತ್ತು. ತೊರೆ ಬಡಕಲಾಗಿ, ಜೊಂಡಿನ ಬುಡದಲ್ಲಿ, ಕಲ್ಲುಗಳ ಅಡಿಯಲ್ಲಿ ಸದ್ದಿಲ್ಲದೆ ಒಸರುತ್ತಿತ್ತು. ಅಷ್ಟು ದೊಡ್ಡ ನೀರಿನಲ್ಲಿ ಅದು ಎಲ್ಲಿ ಸೇರುತ್ತದೆಂದು ತಿಳಿಯುವುದು ಹೇಗೆ?

ಮುಳುಗಿದ ಒಂದು ಮರದ ದಿಮ್ಮಿಯ ಕೆಳಗೆ ಅಗಲಬಾಯಿಯ ಮೀನೊಂದು ಮನೆ ಮಾಡಿಕೊಂಡಿತ್ತು. ಅವನ ವಂಶದವರನ್ನು ಈಗ ಬಾಸ್ ಎನ್ನುತ್ತಾರೆ. ಮೊದಲು ಅಲ್ಲಿದ್ದ ಒಂದು ಹೊಂಡದಲ್ಲಿ ಅವನು ಹುಟ್ಟಿದ್ದ. ಹೊಂಡ ಸರೋವರವಾದದ್ದು ಅವನಿಗೆ ಮನೆಯ ಅಂಗಳ ದೊಡ್ಡದಾದಷ್ಟೇ ಸಮಾಚಾರ.

"ಏನಮ್ಮಾ ಚುಕ್ಕಿ, ಬೆಳಗಿನಿಂದ ಇದು ನಾಲ್ಕನೆಯ ಸುತ್ತು," ಎಂದ ಅವನು. "ಸುತ್ತುವವಳು ನೀನು, ತಲೆ ತಿರುಗುತ್ತಿರುವುದು ನನಗೆ."

"ನೀರು ಎಲ್ಲಿಂದ ಬರುತ್ತದೆ, ಅಗಲಬಾಯಣ್ಣ?"

"ನೀರು ಯಾಕೆ ಬರಬೇಕು? ಇದೆಯಲ್ಲ! ಕೂತ ಕಡೆ ಕಪ್ಪೆ ಬರುತ್ತದೆ, ಬಾಯಿ ತೆರೆದರೆ ಆಯಿತು. ಇಲ್ಲೇ ಒಂದು ಗುಳಿ ತೋಡಿ ಮೊಟ್ಟೆ ಇಡು. ನಮ್ಮ ಮನೆಯ ಮಕ್ಕಳೆಲ್ಲ ನಿಂತ ನೀರಿನಲ್ಲೇ ಹುಟ್ಟಿದ್ದು."

"ನಿಮ್ಮ ಮಕ್ಕಳಿಗೆ ಆಗುತ್ತದೆ. ನನ್ನವಕ್ಕೆ ಆಗುವುದಿಲ್ಲ."

"ಹಾಗಾದರೆ ಸುತ್ತು," ಎಂದು ಅವನು ದಿಮ್ಮಿಯ ಕೆಳಗೆ ಸರಿದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಮನೆಯಲ್ಲೇ ಇರುವವರಿಗೆ ಹುಡುಕುವವರ ಸಂಕಟ ತಿಳಿಯುವುದಿಲ್ಲ, ಅಷ್ಟೇ.

ಅದೇ ಸಂಜೆ ನೀರು ಚಲಿಸಿತು. ಸಣ್ಣಗೆ, ಒಂದೇ ದಿಕ್ಕಿನಿಂದ, ಅವಳ ಮೂತಿಯನ್ನು ಸವರುತ್ತ ಬಂತು. "ತೊರೆ!" ಎಂದು ಚುಕ್ಕಿ ಅತ್ತ ಮುಖ ತಿರುಗಿಸಿ ಈಜಿದಳು. ಈಜಿ ಈಜಿ ದಡ ಮುಟ್ಟಿದಳು. ದಡದಲ್ಲಿ ಬರೀ ಬಂಡೆಯಿತ್ತು.

ಮರುದಿನ ಸಂಜೆ ನೀರು ಇನ್ನೊಂದು ಕಡೆಯಿಂದ ಬಂತು. ಅವಳು ಅತ್ತ ಈಜಿದಳು. ಅಲ್ಲಿಯೂ ಬಂಡೆ. ಮೂರನೆಯ ದಿನವೂ ಹಾಗೆಯೇ.

ಹೀಗೆ ಒಂದು ತಿಂಗಳು ಕಳೆಯಿತು. ಮಾಗಿಯ ಚಳಿ ಶುರುವಾಯಿತು. ಚುಕ್ಕಿಯ ಹೊಟ್ಟೆಯಲ್ಲಿ ಮೊಟ್ಟೆಗಳು ತುಂಬಿ ಭಾರವಾದವು. ಇನ್ನು ಬಹಳ ದಿನ ಅವನ್ನು ಹೊತ್ತುಕೊಂಡಿರಲು ಆಗುತ್ತಿರಲಿಲ್ಲ.

ಅಗಲಬಾಯಿಗೆ ನೋಡಿ ನೋಡಿ ತಡೆಯಲಿಲ್ಲ. "ಅದು ತೊರೆಯಲ್ಲ ತಾಯಿ, ಗಾಳಿ! ಮೇಲಿನ ನೀರನ್ನಷ್ಟೇ ತಳ್ಳುತ್ತಾನೆ. ನಾಲ್ಕು ಮೊಳ ಕೆಳಗಿಳಿದು ನೋಡು, ಏನೂ ಇಲ್ಲ."

ಚುಕ್ಕಿ ಇಳಿದು ನೋಡಿದಳು. ಏನೂ ಇರಲಿಲ್ಲ.

ಅವಳು ಮೇಲೆ ಬಂದು ಕೇಳಿದಳು. "ಗಾಳಿರಾಯ, ಒಂದು ತಿಂಗಳಿಂದ ನೀನು ನನಗೆ ತೊರೆಯ ವೇಷ ಹಾಕಿ ತೋರಿಸಿದೆಯಾ?"

ಗಾಳಿ ದಡದ ಹುಲ್ಲನ್ನು ಸುಮ್ಮನೆ ಅತ್ತಿತ್ತ ಮಾಡಿದ.

"ನಿನ್ನನ್ನೇ ಕೇಳುತ್ತಿದ್ದೇನೆ."

"ಹೌದು," ಎಂದ ಗಾಳಿ. "ಮೊದಲ ದಿನ ವೇಷ ಹಾಕಲಿಲ್ಲ. ಸುಮ್ಮನೆ ಬಂದೆ. ನೀನು ಮುಖ ತಿರುಗಿಸಿದೆ. ನಾನು ಬಂದರೆ ಹುಲ್ಲು ಬೆನ್ನು ಬಾಗಿಸುತ್ತದೆ. ಕಾಡೆಮ್ಮೆ ಹಿಂದೆ ತಿರುಗಿ ನಿಲ್ಲುತ್ತದೆ. ಮನುಷ್ಯರು ಕಂಬಳಿ ಎಳೆದುಕೊಳ್ಳುತ್ತಾರೆ. ಲೋಕ ಹುಟ್ಟಿದಾಗಿನಿಂದ ನನಗೆ ಮುಖ ಕೊಟ್ಟವಳು ನೀನೊಬ್ಬಳು. ನಾನು ತೊರೆಯಲ್ಲ ಎಂದು ಹೇಳಿದ್ದರೆ ನೀನು ತಿರುಗಿಕೊಂಡುಬಿಡುತ್ತಿದ್ದೆ."

"ನನ್ನ ಮಕ್ಕಳು ಸಾಯುತ್ತವೆ, ಗಾಳಿರಾಯ."

ಗಾಳಿ ಸರೋವರದ ಮೇಲೆ ಒಂದು ಸುತ್ತು ಸುತ್ತಿ ಬಂದು ಹೇಳಿದ. "ತೊರೆ ಬೀಳುವ ಜಾಗ ನನಗೂ ಕಾಣದು. ನಾನು ನೀರಿನ ಮೇಲೆ ನಡೆಯುವವನು, ಅದು ಕಲ್ಲಿನ ಕೆಳಗೆ ಬರುತ್ತದೆ. ಆದರೆ ನಾನು ಓಡಾಡುವುದರಿಂದಲೇ ಅದರ ಸಣ್ಣ ನೂಕು ಅಳಿಸಿಹೋಗುತ್ತಿದೆ. ನಾಳೆ ಒಂದು ದಿನ ನಾನು ಉಸಿರು ಹಿಡಿಯುತ್ತೇನೆ. ಆಗ ಈ ಸರೋವರದಲ್ಲಿ ಅಲುಗುವ ನೀರು ಯಾವುದೋ ಅದೇ ನಿನ್ನ ತೊರೆ."

"ಉಸಿರು ಹಿಡಿದರೆ ನಿನಗೆ ಏನಾಗುತ್ತದೆ?"

"ನಿಂತ ಗಾಳಿ ಎಂಬುದು ಇಲ್ಲ ಚುಕ್ಕಿ. ನಿಂತರೆ ನಾನಿಲ್ಲ. ಒಂದು ದಿನ ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ."

ಅಗಲಬಾಯಿ ದಿಮ್ಮಿಯ ಕೆಳಗಿನಿಂದ ಕೂಗಿದ. "ಸ್ವಲ್ಪ ಯೋಚನೆ ಮಾಡಮ್ಮ! ಗಾಳಿ ನಿಂತರೆ ನೀರು ಕನ್ನಡಿಯಾಗುತ್ತದೆ. ದಡದಲ್ಲಿ ಮಾಚಕ್ಕ ಇದ್ದಾಳೆ. ನಿನ್ನ ಒಂದೊಂದು ಚುಕ್ಕಿಯನ್ನೂ ಕಾಣುತ್ತಾಳೆ!"

ಮಾಚಕ್ಕ ಎಂಬ ಹೆಂಗಸು ಆ ದಡದಲ್ಲಿ ಒಬ್ಬಳೇ ಇದ್ದಳು. ಬೆಟ್ಟ ಅಡ್ಡ ಕೂತ ಮೇಲೆ ಕೆಳಗಿನ ಹಾಡಿಯ ಗುಡಿಸಲುಗಳಿಗೆ ನೀರು ಬರಲಿಲ್ಲ. ಹಾಡಿಯವರು ಮಡಕೆ, ಮಕ್ಕಳನ್ನು ಹೊತ್ತು ಬೇರೆ ನೀರು ಹುಡುಕಿಕೊಂಡು ಹೋದರು. "ನೀರು ಇರುವುದು ಮೇಲೆ, ನೀವು ಹೋಗುವುದು ಕೆಳಗೆ! ಬುದ್ಧಿ ಇದೆಯೇ?" ಎಂದು ಬೈದು ಮಾಚಕ್ಕ ಮೇಲೆ ಹತ್ತಿದಳು. ಅವಳ ಮಾತೇ ಸರಿಯಾಗಿತ್ತು. ಸರಿಯಾಗಿದ್ದರೂ ಅವಳ ಜೊತೆ ಯಾರೂ ಬರಲಿಲ್ಲ. ಕತ್ತಾಳೆಯ ನಾರಿಗೆ ಮುಳ್ಳು ಕಟ್ಟಿ ಗಾಳ ಮಾಡಿಕೊಂಡು ಮೀನು ಹಿಡಿದು ಬದುಕುತ್ತಿದ್ದಳು.

ಮರುದಿನ ಗಾಳಿ ಇರಲಿಲ್ಲ.

ಎಲೆ ಅಲುಗಲಿಲ್ಲ. ಬೆಟ್ಟ ಮೇಲೊಂದು, ನೀರಿನಲ್ಲೊಂದು ಇತ್ತು. ಚುಕ್ಕಿ ಸರೋವರದ ನಡುವೆ ಅಲುಗದೆ ನಿಂತು ಕಾದಳು. ಬಿಸಿಲು ಏರಿದ ಮೇಲೆ ಅವಳ ಎಡಗೆನ್ನೆಗೆ ಏನೋ ತಗುಲಿತು. ನೂಲಿನಷ್ಟು ಸಣ್ಣ ತಂಪು. ಅದು ಬರುತ್ತಿತ್ತು. ಬರುತ್ತಲೇ ಇತ್ತು.

ಅವಳು ಮುಖ ತಿರುಗಿಸಿ ಆ ಎಳೆಯನ್ನು ಹಿಡಿದು ಹೊರಟಳು. ಒಂದು ಬೆರಳು ಅತ್ತ ಸರಿದರೆ ತಂಪು ತಪ್ಪುತ್ತಿತ್ತು. ಆ ಎಳೆ ಅವಳನ್ನು ನೇರವಾಗಿ ಮಾಚಕ್ಕ ಕಾಲು ಇಳಿಬಿಟ್ಟು ಕೂತಿದ್ದ ಬಂಡೆಯ ಬುಡಕ್ಕೇ ಕರೆದೊಯ್ಯಿತು. ನೀರಿನಲ್ಲಿ ಮುಳ್ಳು, ಮುಳ್ಳಿನಲ್ಲಿ ಮಿಡತೆ.

"ನಿನ್ನ ನೆರಳು ಕಾಣುತ್ತಿದೆ, ಅಕ್ಕ," ಎಂದಳು ಚುಕ್ಕಿ.

"ನೀನೂ ಕಾಣುತ್ತಿದ್ದೀಯೆ. ಮಿಡತೆ ತಿನ್ನು. ಒಳ್ಳೆಯ ಮಿಡತೆ."

"ನನಗೆ ಹಸಿವಿಲ್ಲ."

"ನನಗಿದೆ," ಎಂದಳು ಮಾಚಕ್ಕ. "ಎರಡು ದಿನದಿಂದ ಗೆಣಸಿನ ಹೊರತು ಬೇರೆ ಕಂಡಿಲ್ಲ. ತಿನ್ನದಿದ್ದರೆ ಅತ್ತ ಸರಿ. ಇಷ್ಟು ದೊಡ್ಡ ನೀರಿದೆ, ನನ್ನ ಕಾಲಡಿಯೇ ಬೇಕೇ?"

"ಸರಿಯಲಾರೆ. ಸರಿದರೆ ದಾರಿ ತಪ್ಪುತ್ತದೆ. ಇನ್ನೊಮ್ಮೆ ಸಿಗುವುದಿಲ್ಲ."

ಮಾಚಕ್ಕ ಬಾಗಿ ನೋಡಿದಳು. ಪಕ್ಕದಲ್ಲಿ ಬಿದಿರಿನ ಬುಟ್ಟಿಯಿತ್ತು. ಮುಳುಗಿಸಿ ಎತ್ತಿದ್ದರೆ ಸಾಕಿತ್ತು. ಅವಳ ಕೈ ಬುಟ್ಟಿಯ ಕಡೆಗೆ ಹೋಯಿತು. ಅಷ್ಟರಲ್ಲಿ ತಿಳಿನೀರಿನಲ್ಲಿ ಚುಕ್ಕಿಯ ಹೊಟ್ಟೆ ಅವಳ ಕಣ್ಣಿಗೆ ಬಿತ್ತು.

"ಯಾವಾಗ?" ಎಂದು ಕೇಳಿದಳು.

"ಇವತ್ತು, ಇಲ್ಲವೇ ನಾಳೆ."

"ಹೆರಿಗೆಗೆ ತವರಿಗೆ ಹೊರಟವಳು ಎನ್ನು."

"ಹೌದಕ್ಕ."

"ಮೊದಲೇ ಹೇಳಬಾರದೇ, ಮೂಗಿಯ ಹಾಗೆ ಮುಖ ನೋಡುತ್ತಾ ನಿಂತಿದ್ದೀಯಲ್ಲ!" ಎಂದು ಗದರಿ ಮಾಚಕ್ಕ ಕಾಲು ಮೇಲೆಳೆದುಕೊಂಡಳು. ಗಾಳವನ್ನೂ ಎಳೆದುಕೊಂಡಳು. ಬಂಡೆಯ ಬುಡದ ಎರಡು ಕಲ್ಲುಗಳನ್ನು ಎತ್ತಿ ಬದಿಗಿಟ್ಟಳು. ಒಸರುತ್ತಿದ್ದ ನೀರು ಕಣ್ಣಿಗೆ ಕಾಣುವಂತೆ ಹರಿಯಿತು.

"ಒಂದು ಮಾತು ಕೇಳಿಕೊಂಡು ಹೋಗು," ಎಂದಳು. "ನೀರು ಕನ್ನಡಿಯಾದ ದಿನ ನಿಮ್ಮವರು ನನ್ನ ಮಿಡತೆ ಮುಟ್ಟುವುದು ಬೇಡ. ಎಲ್ಲ ಕಾಣುವ ನೀರಿನಲ್ಲಿ ಹಿಡಿಯುವುದು ಬೇಟೆಯಲ್ಲ. ಗಾಳಿ ಬೀಸಿ ನೀರು ನೆರಿಗೆ ಕಟ್ಟಿದ ದಿನ ನನಗೆ ನೀವು ಕಾಣುವುದಿಲ್ಲ, ನಿಮಗೆ ನಾನು ಕಾಣುವುದಿಲ್ಲ. ಆ ದಿನ ಬಂದದ್ದು ನನ್ನದು, ತಪ್ಪಿಸಿಕೊಂಡದ್ದು ನಿಮ್ಮದು. ನಾನೂ ಉಣ್ಣಬೇಕಲ್ಲ."

"ಆಗಲಿ, ಅಕ್ಕ."

ಆ ದಿನ ಮಾಚಕ್ಕ ಮತ್ತೆ ಗೆಣಸನ್ನೇ ತಿಂದಳು.

ಚುಕ್ಕಿ ತೊರೆ ಹತ್ತಿದಳು. ಕಲ್ಲಿನಿಂದ ಕಲ್ಲಿಗೆ ಹಾರಿದಳು, ನೀರು ಸಾಲದ ಕಡೆ ಹೊಟ್ಟೆ ಎಳೆದುಕೊಂಡು ಹೋದಳು. ತಾಯಿ ನಿಲ್ಲುತ್ತಿದ್ದ ಮಡುವನ್ನು ತಲುಪಿದಳು.

ತವರಿನಲ್ಲಿ ಯಾರೂ ಇರಲಿಲ್ಲ. ನೀರು ಮಾತ್ರ ಬರುತ್ತಿತ್ತು.

ಅವಳು ಸ್ವಲ್ಪ ಹೊತ್ತು ಅಲ್ಲಿ ನೆಟ್ಟಗೆ ನಿಂತಳು. ಆಮೇಲೆ ಬಾಲದಿಂದ ಸಣ್ಣ ಕಲ್ಲುಗಳನ್ನು ಗುಡಿಸಿ, ಗುಳಿ ಮಾಡಿ, ಮೊಟ್ಟೆ ಇಟ್ಟು, ಮೇಲೆ ಕಲ್ಲು ಮುಚ್ಚಿದಳು. ಮೈಯಲ್ಲಿ ಬಲ ಉಳಿದಿರಲಿಲ್ಲ. ತೊರೆ ಅವಳನ್ನು ಮೆಲ್ಲಗೆ ಕೆಳಗೆ ಜಾರಿಸಿತು. ಜಾರುವಾಗಲೂ ಅವಳು ಬೆನ್ನು ತೋರಿಸಲಿಲ್ಲ. ಮುಖ ಮೇಲಕ್ಕೇ ಇಟ್ಟು, ಬಾಲ ಮುಂದಾಗಿ ಇಳಿದು ಸರೋವರ ಸೇರಿದಳು.

ಆ ಸಂಜೆ ಗಾಳಿ ಬಂದ. ದೂರದಲ್ಲೇ ನಿಂತು ಕೂಗಿ ಹೇಳಿದ. "ಚುಕ್ಕಿ, ಇದು ನಾನು. ತೊರೆಯಲ್ಲ."

"ಗೊತ್ತು," ಎಂದಳು ಚುಕ್ಕಿ. ಗೊತ್ತಿದ್ದೂ ಅವನ ಕಡೆಗೆ ಮುಖ ತಿರುಗಿಸಿ ನಿಂತಳು.

ಮೊದಲ ಮಳೆಗೆ ಮರಿಗಳು ಇಳಿದುಬಂದವು. ಬೆರಳುದ್ದದ ಮರಿಗಳು, ಒಂದೊಂದೇ, ಬಾಲ ಮುಂದಾಗಿ. ಸರೋವರಕ್ಕೆ ಬಿದ್ದ ಕೂಡಲೇ ಒಂದೊಂದಕ್ಕೂ ದಿಕ್ಕು ತಪ್ಪಿತು. ಒಂದು ಅತ್ತ ಹೋಯಿತು, ಒಂದು ಇತ್ತ ಹೋಯಿತು. ನೀರು ಎಲ್ಲಿಂದ ಬರುತ್ತದೆಂದು ಹುಡುಕುತ್ತ ಪ್ರತಿಯೊಂದೂ ತನ್ನಷ್ಟಕ್ಕೆ ಸುತ್ತತೊಡಗಿತು. ಚುಕ್ಕಿ ಅವುಗಳಿಗಾಗಿ ಸುತ್ತಿದಳು, ಅವು ತೊರೆಗಾಗಿ ಸುತ್ತಿದವು. ಅಷ್ಟು ದೊಡ್ಡ ನೀರಿನಲ್ಲಿ ಯಾರಿಗೂ ಯಾರೂ ಸಿಗಲಿಲ್ಲ. ಬರುವವರಿಗೆ ಬೆನ್ನು ತೋರಿಸಬಾರದು ಎಂದು ಹೇಳಿಕೊಡಲು ಅವಳಿಗೆ ಒಂದು ಮಗುವೂ ಸಿಗಲಿಲ್ಲ.

ಆಮೇಲೆ ಸಂಜೆಯಾಯಿತು, ಗಾಳಿ ಬಂದ.

ಚುಕ್ಕಿ ಮುಖ ತಿರುಗಿಸಿದಳು. ಬಲಕ್ಕೆ ಸ್ವಲ್ಪ ದೂರದಲ್ಲಿ ಚುಕ್ಕಿಗಳಿರುವ ಒಂದು ಮರಿಯ ಮೈ ಕಂಡಿತು. ಎಡಕ್ಕೆ ಇನ್ನೊಂದು. ಅದರಾಚೆ ಮತ್ತೊಂದು. ಯಾರೂ ಕಲಿಸದಿದ್ದರೂ ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ನೆಟ್ಟಗೆ ನಿಂತಿದ್ದವು. ಗಾಳಿ ಬೀಸುವಷ್ಟು ಹೊತ್ತು ಅವು ಒಂದೇ ಮನೆಯವರಂತೆ ಸಾಲಾಗಿ ಮುಂದೆ ಈಜಿದವು. ಗಾಳಿ ನಿಂತಾಗ ಚದುರಿಹೋದವು.

ಮಗು, ನೀನು ಬೆಟ್ಟದ ಮೇಲಿನ ಸರೋವರಕ್ಕೆ ಹೋದಾಗ ನೋಡು: ನೀರು ಕನ್ನಡಿಯಂತಿದ್ದರೆ ಗಾಳ ಹಾಕುವವರು ಕೋಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ, ಸಂಜೆಯ ಮೊದಲ ಗಾಳಿ ನೀರಿನ ಮೇಲೆ ನೆರಿಗೆ ಕಟ್ಟಿದ ಕೂಡಲೇ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ, ಏಕೆಂದರೆ ಆ ನೆರಿಗೆಯ ಕೆಳಗೆ, ದಿನವಿಡೀ ಒಂಟಿಯಾಗಿ ಸುತ್ತಿದ ಚುಕ್ಕಿಮೀನುಗಳೆಲ್ಲ ಆಗಷ್ಟೇ ಒಂದೇ ಕಡೆಗೆ ಮುಖ ತಿರುಗಿಸಿರುತ್ತವೆ.